ಹೃದಯ ಶಸ್ತ್ರಚಿಕಿತ್ಸೆಯ ನಂತರದ ನೋವು: ನಿಭಾಯಿಸುವುದು ಹೇಗೆ?

ಸೀಳಿದ ಎದೆಮೂಳೆಯನ್ನು ಸಾಮಾನ್ಯವಾಗಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಗಟ್ಟಿಯಾಗಲು ಸುಮಾರು 12 ವಾರ. ವೈದ್ಯರು ಒಪ್ಪುವವರೆಗೆ 4–5 ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬೇಡಿ, ಮಗುವನ್ನೂ ಎತ್ತಿಕೊಳ್ಳಬೇಡಿ. ಏಳುವಾಗ ಕೈ ಊರದೆ, ಮಗ್ಗುಲಿಗೆ ಹೊರಳಿ ಕಾಲು ಕೆಳಗಿಳಿಸಿ.

ನೋವನ್ನು ಹಲ್ಲುಕಚ್ಚಿ ಸಹಿಸಬೇಡಿ. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ, ನಡಿಗೆಗೆ ಅರ್ಧ ಗಂಟೆ ಮೊದಲಾದರೆ ಒಳ್ಳೆಯದು. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿಕೊಳ್ಳಿ. ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ನುಂಗಲೇಬೇಡಿ. ಬೈಪಾಸ್ ಆದವರಿಗೆ ಅವು ಅಪಾಯ.

ಹೆಂಗಸರ ತೊಂದರೆಯೊಂದನ್ನು ಹಲವರು ಕಡೆಗಣಿಸುತ್ತಾರೆ: ಸ್ತನದ ಭಾರ ಗಾಯವನ್ನು ಎರಡೂ ಬದಿಗೆ ಎಳೆಯುತ್ತದೆ. ಮುಂದೆ ಹುಕ್ ಇರುವ, ತಂತಿಯಿಲ್ಲದ ಮೆತ್ತನೆಯ ಬ್ರಾ ರಾತ್ರಿಯೂ ಇರಲಿ. ಬೈಪಾಸ್‌ಗೆ ಎದೆಯ ಒಳಗಿನ ರಕ್ತನಾಳ ತೆಗೆದಿದ್ದರೆ, ಗಂಡಸಾಗಲಿ ಹೆಂಗಸಾಗಲಿ, ಆ ಬದಿಯಲ್ಲಿ ಜೋಮು, ಉರಿ ತಿಂಗಳುಗಟ್ಟಲೆ ಇರಬಹುದು. ಅದು ನರದ ನೋವು, ಅದಕ್ಕೆ ಔಷಧಿಯೇ ಬೇರೆ. ವೈದ್ಯರಿಗೆ ಬಿಡಿಸಿ ಹೇಳಿ.

ಮೂಳೆ ಕಟಕಟ ಎಂದರೆ, ಗಾಯದಿಂದ ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ.