ಊರ ಸ್ಮಶಾನ: ಕಾಂಪೌಂಡ್ ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಊರಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ ನಮಗೆ ಸ್ಮಶಾನದ ನೆನಪಾಗುತ್ತದೆ. ಆಗ ಕೆಲಸ ಮಾಡಿಸಲು ಹೊತ್ತಿರುವುದಿಲ್ಲ. ನಾಲ್ಕು ಜನ ಮಚ್ಚು ಹಿಡಿದು ಮುಂದೆ ಹೋಗಿ, ಚಟ್ಟ ಹೊತ್ತವರು ದಾಟುವಷ್ಟು ಜಾಲಿ ಕಡಿಯುತ್ತಾರೆ. ಮುಂದಿನ ಸಾವಿನ ತನಕ ಮತ್ತೆ ಆ ಕಡೆ ಯಾರೂ ಹೋಗುವುದಿಲ್ಲ.

ಕಾಂಪೌಂಡ್, ಗೇಟು, ಚಿತೆಯ ಕಟ್ಟೆಗೆ ಶೀಟು ಅಂದರೆ ಹೇಗೋ ಅನುದಾನ ಬರುತ್ತದೆ. ವರ್ಷ ವರ್ಷ ಕಳೆ ತೆಗೆಸುವ, ಚರಂಡಿ ಬಿಡಿಸುವ, ಗೇಟಿಗೆ ಬಣ್ಣ ಹೊಡೆಸುವ ದುಡ್ಡನ್ನು ಮಾತ್ರ ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ತೊಂದರೆಯ ಬೇರು ಇಲ್ಲೇ ಇದೆ. ಕಾನೂನಿನಲ್ಲಿ ಹೊಣೆ ಯಾರದ್ದು ಅನ್ನುವುದು ಸ್ಪಷ್ಟವಾಗಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಗ್ರಾಮ ನೈರ್ಮಲ್ಯದ ಕೆಳಗೆ, ಸುಡುವ ಮತ್ತು ಹೂಳುವ ಜಾಗಗಳ ನಿರ್ವಹಣೆ ಗ್ರಾಮ ಪಂಚಾಯಿತಿಯ ಕೆಲಸ ಎಂದೇ ಇದೆ. ಆ ಹೊಣೆಯನ್ನು ಕಾಗದದಿಂದ ನೆಲಕ್ಕೆ ಇಳಿಸುವುದು ಹೇಗೆ, ನೋಡೋಣ.

ಮೊದಲು ಪಹಣಿ ನೋಡಿ

ಊರಿನ ಹಿರಿಯರಿಂದ ಸರ್ವೆ ನಂಬರ್ ತಿಳಿದುಕೊಂಡು ಪಹಣಿ ತೆಗೆಸಿ. ಜೊತೆಗೆ ಗ್ರಾಮ ನಕಾಶೆಯೂ ಬೇಕು. ಪಹಣಿಯಲ್ಲಿ ‘ಸರ್ಕಾರಿ ಸ್ಮಶಾನ’ ಎಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಹಾಗಿಲ್ಲದಿದ್ದರೆ ಕೈಬಿಡಬೇಡಿ, ಖರಾಬಿನ (ಸಾಗುವಳಿಗೆ ಸಿಗದ ನೆಲದ) ಕಾಲಂ ನೋಡಿ. ಎಷ್ಟೋ ಕಡೆ ಐದಾರು ಗುಂಟೆ ಸ್ಮಶಾನ ಯಾರದೋ ಹೊಲದ ಸರ್ವೆ ನಂಬರಿನೊಳಗೆ ‘ಬ ಖರಾಬು’ ಆಗಿ ಸೇರಿರುತ್ತದೆ. ಬ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಹೊಲ ಮಾರಿದರೂ ಅದು ಕೊಂಡವರ ಪಾಲಾಗುವುದಿಲ್ಲ.

ಎರಡೂ ಕಡೆ ಹೆಸರಿಲ್ಲ, ಆದರೆ ತಲೆಮಾರುಗಳಿಂದ ಅಲ್ಲೇ ಹೂಳುತ್ತಿದ್ದೀರಿ ಅಂದರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಅದು ಸರ್ಕಾರಿ ಜಮೀನಾದರೆ, 1964ರ ಭೂಕಂದಾಯ ಕಾಯ್ದೆಯ 71ನೇ ಕಲಂನಡಿ ಜಿಲ್ಲಾಧಿಕಾರಿ ಅದನ್ನು ಸ್ಮಶಾನಕ್ಕೆಂದು ಕಾಯ್ದಿರಿಸಬಹುದು. ಸ್ಮಶಾನವೇ ಇಲ್ಲದ ಊರುಗಳಿಗೆ ಜಾಗ ಕೊಡಬೇಕೆಂದು 2019ರಲ್ಲಿ ಹೈಕೋರ್ಟ್ ಸರ್ಕಾರಕ್ಕೆ ಹೇಳಿದೆ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಹದ್ದುಬಸ್ತು ಆಗದೆ ಕಾಂಪೌಂಡ್ ಬೇಡ

ಇದನ್ನು ಒತ್ತಿ ಹೇಳುತ್ತೇನೆ. ಹದ್ದುಬಸ್ತು ಅಂದರೆ ಸರ್ವೆಯರ್ ಅಳೆದು ಗಡಿ ಗುರುತಿಸುವುದು. ಅಳತೆ ಮಾಡಿಸದೆ ಗೋಡೆ ಕಟ್ಟಿದರೆ, ಒತ್ತುವರಿಯಾದ ನೆಲವನ್ನು ನಾವೇ ಕೈಯಾರೆ ಬಿಟ್ಟುಕೊಟ್ಟಂತೆ. ಪಕ್ಕದ ಹೊಲದವರು ವರ್ಷಕ್ಕೆ ಒಂದು ಸಾಲು ಒತ್ತಿ ಉತ್ತರೂ ಇಪ್ಪತ್ತು ವರ್ಷದಲ್ಲಿ ಗೋರಿಗಳ ಬುಡಕ್ಕೇ ನೇಗಿಲು ಬಂದಿರುತ್ತದೆ. ಆಮೇಲೆ ಕಟ್ಟಿದ ಗೋಡೆಯನ್ನೇ ಎಲ್ಲರೂ ಗಡಿ ಅಂದುಕೊಳ್ಳುತ್ತಾರೆ.

ಹಾಗಾಗಿ ಪಂಚಾಯಿತಿಯಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ವೆಯರ್ ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರು ಸ್ಥಳದಲ್ಲಿರಲಿ. ಗಡಿಯ ಬಾಂದು ಕಲ್ಲು ನೆಟ್ಟ ಕೂಡಲೇ ಸುಣ್ಣ ಬಳಿದು, ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ಮಹಜರಿನ ಒಂದು ನಕಲು ಪಂಚಾಯಿತಿ ಕಡತದಲ್ಲಿ, ಇನ್ನೊಂದು ಊರಿನವರ ಕೈಯಲ್ಲಿ ಇರಬೇಕು. ಸರ್ಕಾರಿ ಜಾಗ ಒತ್ತುವರಿ ಆಗಿದ್ದರೆ ತೆರವು ಮಾಡಿಸುವ ಅಧಿಕಾರ ಭೂಕಂದಾಯ ಕಾಯ್ದೆಯ 104ನೇ ಕಲಂನಲ್ಲಿದೆ. ಸ್ಮಶಾನಕ್ಕೆ ಹೋಗುವ ದಾರಿಯನ್ನೂ ಆಗಲೇ ನೋಡಿಸಿಬಿಡಿ. ಜಾಗ ಇದ್ದು ದಾರಿ ಇಲ್ಲದಿದ್ದರೆ ಮಳೆಗಾಲದಲ್ಲಿ ಹೆಣ ಹೊತ್ತವರು ಮೊಣಕಾಲುದ್ದ ಕೆಸರಿನ ಗದ್ದೆ ದಾಟಬೇಕು. ನಕಾಶೆಯಲ್ಲಿ ದಾರಿ ಕಂಡರೆ ಅದನ್ನು ಬಿಡಿಸಿಕೊಡಿ ಎಂದು ತಹಶೀಲ್ದಾರರಲ್ಲಿ ಕೇಳಬಹುದು.

ನಿರ್ವಹಣೆಗೆ ಬೇರೆ ಸಾಲು ಬರೆಸಿ

ಈಗ ಪಂಚಾಯಿತಿಯ ಆಸ್ತಿ ರಿಜಿಸ್ಟರ್. ಸ್ಮಶಾನದ ಸರ್ವೆ ನಂಬರ್, ವಿಸ್ತೀರ್ಣ, ಗೇಟು, ಕೊಳವೆಬಾವಿ, ಚಿತೆಯ ಕಟ್ಟೆ ಎಲ್ಲವೂ ಅದರಲ್ಲಿ ಸೇರಬೇಕು. ಪುಸ್ತಕದಲ್ಲಿ ಇಲ್ಲದ ಆಸ್ತಿಗೆ ರಿಪೇರಿ ಖರ್ಚು ಹಾಕಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹಿಂಜರಿಯುತ್ತಾರೆ.

ನಂತರ ವಾರ್ಡ್ ಸಭೆ, ಗ್ರಾಮ ಸಭೆ. ‘ಸ್ಮಶಾನ ಅಭಿವೃದ್ಧಿ’ ಎಂದು ಸುಮ್ನೆ ಒಂದು ಮಾತು ಬರೆಸಿದರೆ ಸಾಲದು. ಅದು ಒಂದು ಸಲದ ಕಾಮಗಾರಿಯಾಗಿ ಮುಗಿದುಹೋಗುತ್ತದೆ. ‘ಪ್ರತಿ ವರ್ಷ ಮಳೆಗಾಲದ ಮುಂಚೆ ಮತ್ತು ನಂತರ ಗಿಡಗಂಟಿ ತೆರವು, ಚರಂಡಿ, ನೀರು, ದೀಪದ ನಿರ್ವಹಣೆ’ ಎಂದು ಬಿಡಿಸಿ ಬರೆಸಿ. ಖರ್ಚು ಪಂಚಾಯಿತಿಯ ಸ್ವಂತ ನಿಧಿಯಿಂದ ಎಂದು ಸೇರಿಸಿ. ಅನುದಾನ ಒಂದು ವರ್ಷ ಬರುತ್ತದೆ, ಇನ್ನೊಂದು ವರ್ಷ ಇಲ್ಲ. ಕಂದಾಯದ ದುಡ್ಡು ವರ್ಷವೂ ಬರುತ್ತದೆ ಅಲ್ವಾ? ನಡವಳಿಯ ದೃಢೀಕೃತ ನಕಲು ಇಸಿದುಕೊಳ್ಳುವುದನ್ನು ಮರೆಯಬೇಡಿ.

ಕೆಲಸದ ಕ್ರಮ

ಬಳ್ಳಾರಿ ಜಾಲಿಯನ್ನು ಬರೀ ಕಡಿದರೆ ಬುಡದಿಂದ ಇನ್ನೂ ಜಾಸ್ತಿ ಚಿಗುರುತ್ತದೆ. ಮೊದಲ ವರ್ಷವೇ ಬೇರುಸಹಿತ ತೆಗೆಸಬೇಕು. ಗೋರಿಗಳ ನಡುವೆ ಮಾತ್ರ ಯಂತ್ರ ಬೇಡ, ಗುದ್ದಲಿ ಹಿಡಿದೇ ಅಗೆಯಬೇಕು. ಕಲ್ಲಿಲ್ಲದ ಮಣ್ಣು ಗುಡ್ಡೆಗಳೂ ಯಾರದೋ ತಾಯಿಯದು, ಮಗುವಿನದು. ಆಯಾ ಮನೆಯವರನ್ನು ಕರೆದು ಗುರುತು ಮಾಡಿಸಿಕೊಂಡೇ ಕೈ ಹಾಕಿ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಬೇಕು. ಗಡಿಗುಂಟ ಹೊಂಗೆ, ಬೇವು ನೆಟ್ಟರೆ ನೆರಳೂ ಆಗುತ್ತದೆ, ಒತ್ತುವರಿಯೂ ಕಷ್ಟವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ನೀರು ಹರಿದುಹೋಗುವ ಕಾಲುವೆ ಬಿಡಿಸಿ. ನೀರು ನಿಂತರೆ ಹೊಸ ಗುಂಡಿಗಳ ಮಣ್ಣು ಕುಸಿಯುತ್ತದೆ. ಚಿತೆಯ ಕಬ್ಬಿಣದ ಚೌಕಟ್ಟು ಬೆಂಕಿಯ ಕಾವಿಗೆ ಬಾಗುತ್ತದೆ, ತುಕ್ಕು ತಿನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಸರಳುಗಳನ್ನು ನೋಡಿಸಿ.

ಪಂಚಾಯಿತಿ ಕಿವಿಗೊಡದಿದ್ದರೆ

ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಕಳೆದ ಐದು ವರ್ಷಗಳಲ್ಲಿ ಸ್ಮಶಾನ ನಿರ್ವಹಣೆಗೆ ಮಾಡಿದ ಖರ್ಚಿನ ವಿವರ ಕೊಡಿ’ ಎಂದಷ್ಟೇ ಬರೆದರೆ ಸಾಕು. ಉತ್ತರ ಸೊನ್ನೆ ಎಂದು ಬಂದರೆ ಅದನ್ನೂ ಗ್ರಾಮ ಸಭೆಯ ನಡವಳಿಯನ್ನೂ ಲಗತ್ತಿಸಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಡಿ. ಗೋರಿ ಕೆಡವಿದರೆ, ಅವಮಾನ ಮಾಡುವ ಉದ್ದೇಶದಿಂದ ಒಳನುಗ್ಗಿದರೆ ಅದು ಪೊಲೀಸ್ ಕೇಸು; ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಇದೆ. ಪರಿಶಿಷ್ಟರನ್ನು ಊರ ಸ್ಮಶಾನಕ್ಕೆ ಬಿಡದಿರುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಊರ ಹಿರಿಯರ ರಾಜಿ ಪಂಚಾಯಿತಿಯಲ್ಲಿ ಮುಗಿಸುವ ವಿಷಯ ಅದಲ್ಲ.

ಪಟ್ಟಣದವರು ಇದೇ ಕ್ರಮದಲ್ಲಿ ಪುರಸಭೆ, ನಗರಸಭೆ ಅಥವಾ ಪಾಲಿಕೆಯನ್ನು ಕೇಳಬೇಕು. ವಕ್ಫ್ ಆಸ್ತಿಯಾದ ಖಬರಸ್ತಾನಕ್ಕೆ ಅದರ ಮುತವಲ್ಲಿ (ಆಸ್ತಿ ನೋಡಿಕೊಳ್ಳುವವರು) ಅಥವಾ ಸಮಿತಿ, ಚರ್ಚಿನ ಸಮಾಧಿ ಭೂಮಿಗೆ ಆ ಚರ್ಚಿನ ಆಡಳಿತ ಹೊಣೆ. ಅಲ್ಲೂ ಮೊದಲು ಕೇಳಬೇಕಾದದ್ದು ಅಳತೆಯ ಕಾಗದ, ಆಮೇಲೆ ನಿರ್ವಹಣೆಯ ಲೆಕ್ಕ.