ಮಕ್ಕಳನ್ನು ಕಮ್ಯುನಿಟಿ ಕಾಲೇಜಿಗೆ ಸೇರಿಸಿದಿರಾ? ಇಓಪಿಎಸ್ ಆಫೀಸಿಗೂ ಕಳಿಸಿ

ಕ್ಯಾಲಿಫೋರ್ನಿಯಾಕ್ಕೆ ಬರುವ ಕನ್ನಡಿಗರೆಲ್ಲ ಸಾಫ್ಟ್‌ವೇರ್‌ನವರು ಅಂತ ನಮ್ಮವರೇ ಅಂದುಕೊಂಡಿರುತ್ತಾರೆ. ಅಣ್ಣನೋ ಅಕ್ಕನೋ ಹಾಕಿದ ಅರ್ಜಿಗೆ ವರ್ಷಗಟ್ಟಲೆ ಕಾದು, ಗ್ರೀನ್ ಕಾರ್ಡ್ ಮೇಲೆ ಸಂಸಾರ ಸಮೇತ ಬರುವವರೂ ಇದ್ದಾರೆ. ಅಪ್ಪ ಎಸ್ಸೆಸ್ಸೆಲ್ಸಿ, ಅಮ್ಮ ಪಿಯುಸಿ. ಇಬ್ಬರಿಗೂ ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸ. ಮಕ್ಕಳು ಡಿ ಆಂಜಾ, ಓಲೋನಿಯಂಥ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು, ಅಲ್ಲಿಂದ ಯೂನಿವರ್ಸಿಟಿಗೂ ಹೋಗಬಹುದು) ಹೋಗುತ್ತಾರೆ. ನಾನು ಬರೆಯುತ್ತಿರುವುದು ಅಂಥ ಮನೆಯವರಿಗೆ.

ಊರಿನ ಪಿಯು ಕಾಲೇಜಿನ ಹಾಗೆ ಇಲ್ಲಿ ಸೆಕ್ಷನ್, ಟೈಂಟೇಬಲ್ ಮಾಡಿ ಕೈಗೆ ಕೊಡುವುದಿಲ್ಲ. ಯಾವ ಕ್ಲಾಸು ಮೊದಲು, ಯಾವುದು ಮುಂದೆ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲವನ್ನೂ ವಿದ್ಯಾರ್ಥಿಯೇ ನೋಡಿಕೊಳ್ಳಬೇಕು. ಅಪ್ಪ ಅಮ್ಮ ಇಲ್ಲೇ ಓದಿದವರಾದರೆ ಊಟದ ಹೊತ್ತಿಗೆ ಮಾತಾಡಿ ಬಗೆಹರಿಸುತ್ತಾರೆ. ಉಳಿದವರಿಗೆ ಇಓಪಿಎಸ್ ಇದೆ, ಅಂದರೆ ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲೇ ಸಿಗುವ ನೆರವು. 1969ರಲ್ಲಿ ರಾಜ್ಯವೇ ಕಾನೂನು ಮಾಡಿ ತಂದ ಕಾರ್ಯಕ್ರಮ ಇದು.

ಪುಸ್ತಕಕ್ಕೆ ಸಹಾಯ ಸಿಗುತ್ತದೆ ಅಂತ ಎಲ್ಲರೂ ಸೇರುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಣ್ಣದು. ದೊಡ್ಡದು ಕೌನ್ಸೆಲರ್. ಪ್ರತಿ ಟರ್ಮ್‌ನಲ್ಲಿ ಕನಿಷ್ಠ 3 ಸಲ ಭೇಟಿ ಆಗಲೇಬೇಕು. ಅವರ ಜೊತೆ ಕೂತು ಪದವಿ ಮುಗಿಯುವವರೆಗಿನ ಪ್ಲಾನ್ ಬರೆಸಿಕೊಳ್ಳಬಹುದು. ಜೊತೆಗೆ, ಉಳಿದವರಿಗಿಂತ ಮೊದಲು ಕ್ಲಾಸ್ ರಿಜಿಸ್ಟರ್ ಮಾಡುವ ಅವಕಾಶ. ಕೆಮಿಸ್ಟ್ರಿ ಲ್ಯಾಬಿನ ಸೀಟಿಗೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಕೌನ್ಸೆಲರ್ ಮಾತಾಡಿಸಿದರೆ ಏನಾಗುತ್ತೆ ಅನ್ನುವ ಅಪ್ಪಂದಿರಿದ್ದಾರೆ. ನ್ಯೂಯಾರ್ಕ್ ನಗರದ ಸರ್ಕಾರಿ ಯೂನಿವರ್ಸಿಟಿ ಕ್ಯೂನಿಯವರು 2007ರಲ್ಲಿ ತಮ್ಮ ಕಮ್ಯುನಿಟಿ ಕಾಲೇಜುಗಳಲ್ಲಿ ಅಸಾಪ್ ಅಂತ ಇಂಥದ್ದೇ ಕಾರ್ಯಕ್ರಮ ಶುರು ಮಾಡಿದರು. ತನ್ನದೇ ಸಲಹೆಗಾರರು, ಪುಸ್ತಕ, ಓಡಾಟಕ್ಕೆ ಬಸ್ಸು-ರೈಲಿನ ಪಾಸ್. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಆ ಗುಂಪಿನಲ್ಲಿ ಶೇ. 40, ಅದಿಲ್ಲದ ಗುಂಪಿನಲ್ಲಿ ಶೇ. 22. ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿದ ಲೆಕ್ಕ ಇದು.

ಇಓಪಿಎಸ್ ಸೇರಲು ರಾಜ್ಯದ ನಿವಾಸಿ ಅನ್ನಿಸಿಕೊಂಡಿರಬೇಕು, ಫೀಸ್ ಮಾಫಿಗೆ ಅರ್ಹರಾಗಿರಬೇಕು, ಸಾಮಾನ್ಯವಾಗಿ 12 ಯೂನಿಟ್ (ಕ್ಲಾಸುಗಳನ್ನು ಅಳೆಯುವ ಲೆಕ್ಕ, 12 ಅಂದರೆ ಫುಲ್‌ಟೈಂ) ತೆಗೆದುಕೊಂಡಿರಬೇಕು. ಹೊಸಬರು ಎಡವುವುದು ಮೊದಲನೆಯದರಲ್ಲೇ. ಇಲ್ಲಿ ಒಂದು ವರ್ಷ ಒಂದು ದಿನ ಆಗಿರಬೇಕು, ಅಲ್ಲಿಯವರೆಗೆ ಫೀಸು ಸಿಕ್ಕಾಪಟ್ಟೆ. ಹಾಗಾಗಿ ಬಂದ ವಾರದಿಂದಲೇ ಬಾಡಿಗೆ ಕರಾರು, ಬ್ಯಾಂಕ್ ಕಾಗದ, ಲೈಸೆನ್ಸ್ ಎಲ್ಲ ಒಂದು ಫೈಲಿನಲ್ಲಿಡಿ. ಊರಿನ ಸಂಬಳದ ಚೀಟಿಗಳನ್ನೂ ತನ್ನಿ. ಕೇಂದ್ರ ಸರ್ಕಾರದ ಸಹಾಯಧನಕ್ಕೆ ಹಾಕುವ ಫಾಫ್ಸಾ ಅರ್ಜಿ ಹಳೆಯ ವರ್ಷದ ಆದಾಯ ಕೇಳುತ್ತದೆ.

ಕೇಂದ್ರ ಸರ್ಕಾರದ ದುಡ್ಡಿನ ಟ್ರಿಯೋ ಅಂತ ಇಂಥದ್ದೇ ಇನ್ನೊಂದು ಕಾರ್ಯಕ್ರಮ ಇದೆ, ಆದರೆ ಎಲ್ಲ ಕಾಲೇಜುಗಳಲ್ಲೂ ಇಲ್ಲ. ಅಪ್ಪ ಅಮ್ಮ ಬ್ಯಾಚುಲರ್ ಡಿಗ್ರಿ ಮಾಡಿಲ್ಲದ ಮಕ್ಕಳನ್ನು ಅದು 'ಮೊದಲ ತಲೆಮಾರು' ಅನ್ನುತ್ತದೆ. ಮರ್ಯಾದೆಗೆ ಅಂಜಿ ಫಾರ್ಮಿನಲ್ಲಿ ಗ್ರಾಜುಯೇಟ್ ಅಂತ ಬರೆಯುವವರಿದ್ದಾರೆ. ದಯವಿಟ್ಟು ಬೇಡ. ಊರಿನ ಮೂರು ವರ್ಷದ ಬಿಕಾಂ ಇದ್ದರೆ ಅದು ಇಲ್ಲಿ ಬ್ಯಾಚುಲರ್ ಡಿಗ್ರಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವೇ ತೀರ್ಮಾನ ಮಾಡಬೇಡಿ, ಆಫೀಸಿನಲ್ಲಿ ಕೇಳಿ. ಎಚ್-4 ವೀಸಾದ (ಎಚ್-1ಬಿ ಮೇಲೆ ಕೆಲಸಕ್ಕೆ ಬಂದವರ ಸಂಸಾರಕ್ಕೆ ಕೊಡುವ ವೀಸಾ) ಮಕ್ಕಳಿಗೆ ಟ್ರಿಯೋ ಸಿಗುವುದಿಲ್ಲ, ಆದರೆ ಕಾಲೇಜಿನ ಟ್ಯೂಟರಿಂಗ್ ಸೆಂಟರಿಗೆ ಅವರೂ ಹೋಗಬಹುದು.

ಕೆಲಸ ಜಾಸ್ತಿಯಾಗಿ ಮಗಳು ಒಂದು ಕ್ಲಾಸ್ ಬಿಡುತ್ತೇನೆ ಅಂದರೆ, ಬಿಡುವ ಮೊದಲು ಕೌನ್ಸೆಲರ್ ಹತ್ತಿರ ಕಳಿಸಿ. 12 ಯೂನಿಟ್‌ಗಿಂತ ಕೆಳಗಿಳಿದರೆ ಸಿಗುವ ಸಹಾಯಧನಕ್ಕೂ ಕತ್ತರಿ ಬೀಳಬಹುದು.