ಹಿಪ್ನೋಥೆರಪಿಗೆ ಹೊರಟಿದ್ದೀರಾ? ಜೋಂಪು ಹತ್ತಿತಾ ಅಂತ ಕಾಯಬೇಡಿ

ಹಿಪ್ನೋಥೆರಪಿ ಅಂದರೆ ಮನಸ್ಸನ್ನು ಜೋಂಪಿಗೆ ತಂದು ಮಾತಿನಿಂದ ಕೊಡುವ ಚಿಕಿತ್ಸೆ. ಆ ಹೆಸರು ಕೇಳಿದ ಕೂಡಲೇ ನಮ್ಮ ದಾವಣಗೆರೆ ಕಡೆ ಎರಡೇ ನೆನಪಾಗುವುದು. ಒಂದು, ಹುಡುಗರನ್ನು ವೇದಿಕೆಗೆ ಕರೆದು ಈರುಳ್ಳಿಯನ್ನು ಸೇಬು ಅಂತ ತಿನ್ನಿಸುವ ಜಾದೂಗಾರ. ಇನ್ನೊಂದು, ಗೋಡೆಗೆ ಅಂಟಿಸಿದ ವಶೀಕರಣದ ಚೀಟಿ. ಇವನ್ನು ತಲೆಯಲ್ಲಿಟ್ಟುಕೊಂಡು ಹೋದವರು ಮೊದಲ ದಿನವೇ ಕೆಡಿಸಿಕೊಂಡು ಬರುತ್ತಾರೆ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವನವರೂ ಹಾಗೇ ಮಾಡಿಕೊಂಡರು.

ಮೊದಲು, ಯಾರ ಹತ್ತಿರ ಹೋಗಬೇಕು? ಮನೋವೈದ್ಯರು, ಇಲ್ಲವೇ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್. ನಾಲ್ಕು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ, ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಹತ್ತು ಸಿಟ್ಟಿಂಗಿನ ದುಡ್ಡು ಮುಂಗಡ ಕೇಳಿದರೆ ಎದ್ದು ಬನ್ನಿ. ಪೂರ್ವಜನ್ಮ ತೋರಿಸ್ತೀನಿ ಅಂದರೆ ಇನ್ನೂ ಬೇಗ ಎದ್ದು ಬನ್ನಿ. ಜೋಂಪಿನಲ್ಲಿ ಮನಸ್ಸು ಕಥೆ ಕಟ್ಟುತ್ತದೆ, ಆಮೇಲೆ ಅದೇ ನಿಜವಾದ ನೆನಪಿನ ಹಾಗೆ ಕೂತುಬಿಡುತ್ತದೆ.

ಮೊದಲ ಭೇಟಿಯಲ್ಲಿ ಬರೀ ಮಾತು. ಫಿಟ್ಸ್ ಇದ್ದರೆ, ಇಲ್ಲದ ದನಿ ಕೇಳಿಸುವಂಥ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಭಾವನವರಿಗೆ ಇದ್ದದ್ದು ಐಬಿಎಸ್, ಅಂದರೆ ಎಲ್ಲ ಟೆಸ್ಟ್ ಸರಿಯಿದ್ದರೂ ಹೊಟ್ಟೆ ನುಲಿಯುವುದು, ದಿನಕ್ಕೆ ನಾಲ್ಕು ಸಲ ಓಡುವುದು. ಹಿಪ್ನೋಥೆರಪಿಗೆ ಒಳ್ಳೆ ಆಧಾರ ಇರುವ ತೊಂದರೆಗಳಲ್ಲಿ ಇದೂ ಒಂದು. 1984ರಲ್ಲಿ ಮ್ಯಾಂಚೆಸ್ಟರ್‌ನ ಪೀಟರ್ ವೋರ್ವೆಲ್ ತಂಡ, ಬೇರೆ ಔಷಧಿಗೆ ಬಗ್ಗದ 30 ಐಬಿಎಸ್ ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿತು. ಸಿಗರೇಟ್ ಬಿಡಿಸುವ ವಿಷಯದಲ್ಲಿ ಅಷ್ಟು ಗಟ್ಟಿ ಆಧಾರ ಇಲ್ಲ, ಜಾಹೀರಾತು ಏನೇ ಹೇಳಲಿ.

ಹೋಗುವ ದಿನ ಬೆಣ್ಣೆದೋಸೆ ಜಡಿದು ಹೋಗಬೇಡಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಮೊಬೈಲ್ ಆಫ್ ಮಾಡಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಕುರ್ಚಿಗೆ ಒರಗಿಸಿ, ಹುಬ್ಬಿನಿಂದ ಸ್ವಲ್ಪ ಮೇಲೆ ಒಂದು ಚುಕ್ಕಿ ನೋಡಿ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಭಾರ ಆಗುತ್ತದೆ. ಇದು ಅವರ ಕಣ್ಣಿನ ಶಕ್ತಿ ಅಲ್ಲ, ನಿಮ್ಮ ಕಣ್ಣಿನ ದಣಿವು. 1843ರಲ್ಲೇ ಅದೇ ಮ್ಯಾಂಚೆಸ್ಟರ್‌ನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಇದರ ಬಗ್ಗೆ ಪುಸ್ತಕ ಬರೆದ. ಅವನು ನೋಡಿಸುತ್ತಿದ್ದದ್ದು ತನ್ನ ಲ್ಯಾನ್ಸೆಟ್, ಅಂದರೆ ಶಸ್ತ್ರವೈದ್ಯರ ಪುಟ್ಟ ಚಾಕು, ಇಡುವ ಪೆಟ್ಟಿಗೆಯನ್ನು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ನಾವು ಇನ್ನೂ ವಶೀಕರಣದಲ್ಲೇ ಇದ್ದೀವಿ.

ಕಣ್ಣು ಮುಚ್ಚಿದ ಮೇಲೆ ಕಾಲಿನಿಂದ ತಲೆವರೆಗೂ ಒಂದೊಂದೇ ಭಾಗ ಸಡಿಲ ಬಿಡಿ ಅನ್ನುತ್ತಾರೆ. ಭಾವನವರು ಆಗ ಏನು ಮಾಡಿದರು ಗೊತ್ತಾ? ಕಾವಲು ಕೂತರು. ಈಗ ಜ್ಞಾನ ತಪ್ಪುತ್ತಾ, ಈಗ ತಪ್ಪುತ್ತಾ ಅಂತ. ಹೊರಗಿನ ಆಟೋ ಹಾರ್ನ್ ಕೇಳಿಸಿತು, ಫ್ಯಾನಿನ ಕಿರ್ ಅನ್ನೋ ಸದ್ದು ಕೇಳಿಸಿತು. ‘ಎಲ್ಲಾ ಕೇಳಿಸ್ತು, ಏನೂ ಆಗಲಿಲ್ಲ’ ಅಂತ ಮನೆಗೆ ಬಂದು ಗೊಣಗಿದರು. ಕೇಳಿಸಲೇಬೇಕು! ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿರುತ್ತೀರಿ. ಕಂಡಕ್ಟರ್ ‘ಆನಗೋಡು’ ಅಂದದ್ದು ಕೇಳಿಸುತ್ತದೆ, ಆದರೆ ಏಳಬೇಕು ಅನ್ನಿಸುವುದಿಲ್ಲ. ಭರಮಸಾಗರ ಯಾವಾಗ ಬಂತೋ ಅನ್ನಿಸುತ್ತದೆ. ಜೋಂಪು ಅಂದರೆ ಅಷ್ಟೇ. ಬೇಡ ಅನ್ನಿಸಿದರೆ ಕಣ್ಣು ತೆರೆದು ಎದ್ದು ಬರಬಹುದು, ಯಾರೂ ನಿಮ್ಮ ಎಟಿಎಂ ಪಿನ್ ಕಕ್ಕಿಸುವುದಿಲ್ಲ. ಎರಡನೇ ಸಲ ಭಾವನವರು ಸುಮ್ನೆ ಕೂತರು. ಎಷ್ಟು ಹೊತ್ತಾಗಿರಬಹುದು ಅಂತ ಡಾಕ್ಟರ್ ಕೇಳಿದಾಗ ‘ಹತ್ತು ನಿಮಿಷ’ ಅಂದರು. ಗಡಿಯಾರದಲ್ಲಿ ಮೂವತ್ತೈದು ಆಗಿತ್ತು.

ಇನ್ನೊಂದು ಎಡವಟ್ಟು, ಮೆಟ್ಟಿಲು. ‘ಒಂದೊಂದೇ ಮೆಟ್ಟಿಲು ಇಳಿಯಿರಿ’ ಅನ್ನುವುದು ಬಹಳ ಕಡೆ ರೂಢಿ. ಭಾವನವರಿಗೆ ಕಣ್ಣ ಮುಂದೆ ಬಂದದ್ದು ಚಿತ್ರದುರ್ಗದ ಕೋಟೆ, ಮಂಡಿ ನೋವು ಜ್ಞಾಪಕ ಆಯ್ತು. ಸಮುದ್ರ ತೀರವೂ ಅಷ್ಟೇ, ನೋಡದವರಿಗೆ ಏನು ನೆಮ್ಮದಿ? ನಿಮಗೆ ಹಾಯೆನಿಸುವ ಜಾಗ ಯಾವುದು ಅಂತ ಮೊದಲೇ ಹೇಳಿಬಿಡಿ. ಭಾವನವರು ಕುಂದವಾಡ ಕೆರೆ ಏರಿ ಅಂದರು, ಬೆಳಗಿನ ಹೊತ್ತು. ಕನ್ನಡದಲ್ಲೇ ಮಾತಾಡಿ ಅಂತಲೂ ಕೇಳಿಕೊಳ್ಳಿ. ‘ರಿಲ್ಯಾಕ್ಸ್’ ಅಂದರೆ ಸಡಿಲ ಆಗದ ಹೊಟ್ಟೆ ‘ಹಗುರ ಬಿಡಿ’ ಅಂದರೆ ಆಗುತ್ತದೆ.

ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಿಸಿ ಹರಡುವುದನ್ನು ನೆನೆಯಿರಿ ಅನ್ನುತ್ತಾರೆ. ಕೊನೆಗೆ ಒಂದರಿಂದ ಐದು ಎಣಿಸಿ ಎಬ್ಬಿಸುತ್ತಾರೆ. ಕಾಲು ಗಂಟೆ ಅಲ್ಲೇ ಕೂತು ನೀರು ಕುಡಿಯಿರಿ. ತಕ್ಷಣ ಸ್ಕೂಟರ್ ಹತ್ತಬೇಡಿ, ಪಿ.ಬಿ. ರಸ್ತೆ ಜೋಂಪಿಗೆ ಹೇಳಿದ ಜಾಗ ಅಲ್ಲ.

ಹೊಟ್ಟೆಗಾದರೆ ಸಾಮಾನ್ಯವಾಗಿ ಏಳರಿಂದ ಹನ್ನೆರಡು ಸಿಟ್ಟಿಂಗ್ ಬೇಕಾಗುತ್ತದೆ. ನಡುವೆ ದಿನವೂ ಮನೆಯಲ್ಲಿ ಅಭ್ಯಾಸ ಮಾಡಬೇಕು, ಡಾಕ್ಟರ್ ದನಿಯ ರೆಕಾರ್ಡಿಂಗ್ ಕೇಳಿಕೊಂಡು. ಯೂಟ್ಯೂಬಿನ ‘ಒಂದೇ ರಾತ್ರಿಯಲ್ಲಿ ತೂಕ ಇಳಿಸಿ’ ಆಡಿಯೊ ಬೇಡ, ನಡುವೆ ಜಾಹೀರಾತು ಕಿರುಚುತ್ತದೆ. ಮಂಚದ ಮೇಲೆ ಮಲಗಿ ಕೇಳಬೇಡಿ, ಕುರ್ಚಿಯಲ್ಲಿ ಕೂತು ಕೇಳಿ. ಭಾವನವರು ಒಂದು ವಾರ ಮಂಚದ ಮೇಲೆ ಮಾಡಿದರು. ‘ಐದನೇ ನಿಮಿಷಕ್ಕೇ ಗೊರಕೆ’ ಅಂತ ಅಕ್ಕ ಅವರ ಡಾಕ್ಟರಿಗೇ ಹೇಳಿಬಿಟ್ಟಳು.